ಮರುಕಳಿಸಿದ ಲಿಂಫೋಮಾ: ಕಾರ್-ಟಿ ಬಗ್ಗೆ ಕೇಳಬೇಕಾದ್ದು ಮುಂದಿನ ಕೀಮೋಗೆ ಮೊದಲು

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಹಾಸನ ಜಿಲ್ಲೆಯವರು, ತೋಟ ನೋಡಿಕೊಂಡಿದ್ದವರು. ಕುತ್ತಿಗೆಯಲ್ಲಿ ಗಂಟು ಬಂದು ಡಿಎಲ್‌ಬಿಸಿಎಲ್ ಎಂಬ ಬಗೆಯ ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್, ಎಂದು ಗೊತ್ತಾಯಿತು. ಆರ್-ಚಾಪ್ ಕೀಮೋ ಆರು ಸಲ ಆಯಿತು, ಪೆಟ್ ಸ್ಕ್ಯಾನಿನಲ್ಲಿ ಎಲ್ಲ ಹೋಗಿದೆ ಎಂದರು. ಎಂಟು ತಿಂಗಳಿಗೆ ಹೊಟ್ಟೆಯೊಳಗೆ ಮತ್ತೆ ಗಂಟುಗಳು ಕಾಣಿಸಿಕೊಂಡಿವೆ. ಈಗ ಬೆಂಡಮಸ್ಟಿನ್ ಎಂಬ ಕೀಮೋ ಕೊಟ್ಟು ನೋಡೋಣ, ಆಗದಿದ್ದರೆ ಕಾರ್-ಟಿ ಯೋಚಿಸೋಣ ಎನ್ನುತ್ತಿದ್ದಾರೆ. ಕಾರ್-ಟಿಗೆ ನಲವತ್ತು ಲಕ್ಷ ಆಗುತ್ತದಂತೆ. ಇನ್ನೊಂದು ಕಡೆ ಐದು ಲಕ್ಷಕ್ಕೆ ‘ಇಮ್ಯೂನ್ ಸೆಲ್ ಥೆರಪಿ’ ಕೊಡುತ್ತೇವೆ, ಅಡ್ಡಪರಿಣಾಮವೇ ಇಲ್ಲ ಎಂದಿದ್ದಾರೆ. ಎರಡೂ ಒಂದೇನಾ ಡಾಕ್ಟ್ರೇ? ತೋಟ ಮಾರಿ ಮಾಡಿಸಿದರೆ ಗುಣ ಆಗುತ್ತೆ ಅಂತ ನಂಬಬಹುದಾ?

ಉತ್ತರ: ಮೊದಲು ತುರ್ತಿನ ಮಾತು. ಬೆಂಡಮಸ್ಟಿನ್‌ನ ಮೊದಲ ಡ್ರಿಪ್ ಏರಿಸುವ ಮುಂಚೆ, ಕಾರ್-ಟಿ ಮಾಡುವ ಆಸ್ಪತ್ರೆಯೊಂದಕ್ಕೆ ತಂದೆಯವರ ಕಾಗದಪತ್ರ ತಲುಪಿಸಿ ಅಭಿಪ್ರಾಯ ಪಡೆಯಿರಿ. ಸಾಧ್ಯವಾದರೆ ಈ ವಾರವೇ. ಈಗ ನೋಡುತ್ತಿರುವ ವೈದ್ಯರಿಗೂ ಇದನ್ನು ಮುಚ್ಚಿಡದೆ ಹೇಳಿ. ‘ಕಾರ್-ಟಿಗೆ ಜೀವಕೋಶ ತೆಗೆಯುವ ಯೋಚನೆ ಇದೆ, ಅದಕ್ಕೆ ತೊಂದರೆ ಕೊಡದ ಔಷಧ ಯಾವುದು?’ ಎಂದು ಕೇಳಿದರೆ ಅವರೂ ಅದಕ್ಕೆ ತಕ್ಕಂತೆ ಯೋಜನೆ ಮಾಡುತ್ತಾರೆ.

ಇಷ್ಟು ಅವಸರ ಯಾಕೆ ಅಂದರೆ, ಕಾರ್-ಟಿ ಅಂಗಡಿಯಿಂದ ತರುವ ಔಷಧವಲ್ಲ. ನಿಮ್ಮ ತಂದೆಯವರ ರಕ್ತದಲ್ಲಿರುವ ಟಿ ಜೀವಕೋಶ ಎಂಬ ಬಿಳಿರಕ್ತಕಣಗಳಿಂದಲೇ ಅದು ತಯಾರಾಗಬೇಕು. ಬೆಂಡಮಸ್ಟಿನ್ ಲಿಂಫೋಮಾ ಕೋಶಗಳ ಜೊತೆಗೆ ಆ ಟಿ ಕೋಶಗಳನ್ನೂ ಹೊಡೆಯುತ್ತದೆ, ಮತ್ತು ಆ ಪೆಟ್ಟಿನಿಂದ ಅವು ಚೇತರಿಸಿಕೊಳ್ಳಲು ತಿಂಗಳುಗಳು ಬೇಕು. ಬಿತ್ತನೆಗೆ ಇಟ್ಟ ಬೀಜವನ್ನು ಬೇಯಿಸಿ ಉಂಡಂತೆ. ಯುರೋಪಿನ ಕೇಂದ್ರಗಳು ಇಂಥದೇ ಲಿಂಫೋಮಾಗೆ ಕಾರ್-ಟಿ ಪಡೆದ ನಾನೂರಕ್ಕೂ ಹೆಚ್ಚು ಜನರ ದಾಖಲೆ ನೋಡಿದಾಗ, ಕೋಶ ತೆಗೆಯುವ ಮೊದಲು ಬೆಂಡಮಸ್ಟಿನ್ ಪಡೆದಿದ್ದವರಲ್ಲಿ ಕಾರ್-ಟಿಗೆ ಗೆಡ್ಡೆ ಕರಗಿದ್ದು ಶೇ. 53ರಷ್ಟು ಜನರಲ್ಲಿ, ಆ ಔಷಧ ಮುಟ್ಟದವರಲ್ಲಿ ಶೇ. 72. ಬೆಂಡಮಸ್ಟಿನ್ ಕೆಟ್ಟ ಔಷಧವಲ್ಲ, ಬೇರೆ ಬಗೆಯ ಲಿಂಫೋಮಾಗಳಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಕಾರ್-ಟಿ ಮನಸ್ಸಿನಲ್ಲಿದ್ದರೆ ಮಾತ್ರ ಕೋಶ ತೆಗೆಯುವುದು ಮೊದಲು, ಅದು ಆಮೇಲೆ.

ಇನ್ನೊಂದು ಕಾರಣವೂ ಇದೆ. ಆರ್-ಚಾಪ್ ಮುಗಿದ ಹನ್ನೆರಡು ತಿಂಗಳೊಳಗೆ ಮರುಕಳಿಸುವ ಡಿಎಲ್‌ಬಿಸಿಎಲ್ ಹಟಮಾರಿ. ಇಂಥವರಿಗೆ ಹಿಂದೆಲ್ಲ ಇನ್ನೊಂದು ಗಟ್ಟಿ ಕೀಮೋ ಕೊಟ್ಟು, ಅದಕ್ಕೆ ಬಗ್ಗಿದರೆ ಅವರದೇ ಅಸ್ಥಿಮಜ್ಜೆಯ ಕಾಂಡಕೋಶದ ಕಸಿ ಮಾಡುತ್ತಿದ್ದರು. ಜುಮಾ-7 ಎಂಬ ಅಂತಾರಾಷ್ಟ್ರೀಯ ಅಧ್ಯಯನದಲ್ಲಿ ಹೀಗೆ ಬೇಗ ಮರುಕಳಿಸಿದ, ಇಲ್ಲವೇ ಮೊದಲ ಕೀಮೋಗೇ ಬಗ್ಗದ 359 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈ ಹಳೆಯ ದಾರಿ, ಇನ್ನೊಂದಕ್ಕೆ ನೇರ ಕಾರ್-ಟಿ ಕೊಟ್ಟರು. ಹಳೆಯ ದಾರಿಯವರಲ್ಲಿ ಕಸಿಯ ಹಂತ ಮುಟ್ಟಿದ್ದೇ ಮೂರರಲ್ಲಿ ಒಂದು ಪಾಲು. ಎರಡು ವರ್ಷಕ್ಕೆ ರೋಗ ತಲೆಯೆತ್ತದೆ, ಹೊಸ ಚಿಕಿತ್ಸೆ ಬೇಕಾಗದೆ ಇದ್ದವರು ಕಾರ್-ಟಿ ಗುಂಪಿನಲ್ಲಿ ಶೇ. 41, ಹಳೆಯ ದಾರಿಯಲ್ಲಿ ಶೇ. 16. ನಾಲ್ಕು ವರ್ಷಕ್ಕೆ ಬದುಕಿದ್ದವರು ಶೇ. 54.6 ಮತ್ತು ಶೇ. 46. ಅಲ್ಲಿ ಬಳಸಿದ್ದು ಅಮೆರಿಕದ ಉತ್ಪನ್ನ. ಆ ಅಂಕಿಯನ್ನು ಇಲ್ಲಿನ ಉತ್ಪನ್ನಕ್ಕೆ ಹಾಗೇ ಅಂಟಿಸಬಾರದು. ಆದರೆ ದಿಕ್ಕು ಸ್ಪಷ್ಟ: ಎಂಟೇ ತಿಂಗಳಿಗೆ ಮರುಕಳಿಸಿದವರಲ್ಲಿ ಕಾರ್-ಟಿಯನ್ನು ಎಲ್ಲ ಮುಗಿದ ಮೇಲಿನ ಕೊನೆಯ ಅಸ್ತ್ರವಾಗಿ ಎತ್ತಿಡುವುದು ನಷ್ಟ.

ಕಾರ್-ಟಿ ಒಳಗೆ ಏನಿದೆ

ಟಿ ಜೀವಕೋಶ ಎಂದರೆ ವೈರಸ್ ಹೊಕ್ಕ ಕೋಶಗಳನ್ನು ಹುಡುಕಿ ಕೊಲ್ಲುವ ಬಿಳಿರಕ್ತಕಣ. ಲಿಂಫೋಮಾವನ್ನು ಅದು ಶತ್ರು ಎಂದು ಗುರುತಿಸುವುದಿಲ್ಲ. ಗುರುತಿಸುವಂತೆ ಮಾಡಲು ಅದರ ವಂಶವಾಹಿಯೊಳಗೆ ಒಂದು ಹೊಸ ಜೀನ್ ಸೇರಿಸುತ್ತಾರೆ. ಆ ಜೀನಿನಿಂದ ಕೋಶದ ಮೈಮೇಲೆ ಒಂದು ಹೊಸ ಪ್ರೋಟೀನ್ ಮೂಡುತ್ತದೆ, ಅದೇ ‘ಕಾರ್’. ಹೊರಗಿನ ತುದಿ ಆಂಟಿಬಾಡಿಯ ತುಂಡು. ಬಿ ಜೀವಕೋಶಗಳ ಮೇಲೂ ಅವುಗಳಿಂದಲೇ ಹುಟ್ಟಿದ ಈ ಲಿಂಫೋಮಾದ ಮೇಲೂ ಇರುವ ಸಿಡಿ19 ಎಂಬ ಗುರುತನ್ನು ಕೊಕ್ಕೆಯಂತೆ ಹಿಡಿಯುತ್ತದೆ. ಮಧ್ಯದ ಭಾಗ ಕೋಶದ ಗೋಡೆಯನ್ನು ದಾಟುವ ಕಂಬಿ. ಒಳಗಡೆ ಎರಡು ತುಂಡು: ಸಿಡಿ3 ಝೀಟಾ ಕೋಶವನ್ನು ಕೊಲ್ಲಲು ಎಬ್ಬಿಸುತ್ತದೆ, 4-1ಬಿಬಿ ಅಥವಾ ಸಿಡಿ28 ಅದು ಹೆಚ್ಚಿ ಬಾಳುವಂತೆ ಮಾಡುತ್ತದೆ. ಸಿಡಿ28 ಇದ್ದರೆ ಕೋಶಗಳು ಬೇಗ ಉರಿದೇಳುತ್ತವೆ. 4-1ಬಿಬಿ ಇದ್ದರೆ ನಿಧಾನವಾಗಿ ಎದ್ದು ಹೆಚ್ಚು ಕಾಲ ಉಳಿಯುತ್ತವೆ. ಭಾರತದಲ್ಲಿ ಒಪ್ಪಿಗೆ ಪಡೆದ ಎರಡು ಸಿಡಿ19 ಉತ್ಪನ್ನಗಳಲ್ಲೂ ಇರುವುದು 4-1ಬಿಬಿ.

ಇಂಥ ಬೆಸುಗೆ ಕೋಶದ ಕಲ್ಪನೆಯನ್ನು ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಝೆಲಿಗ್ ಎಶ್ಹಾರ್ 1989ರಲ್ಲಿ ಮಾಡಿ ತೋರಿಸಿದ್ದರು. ಅಮೆರಿಕದಲ್ಲಿ ಮೊದಲ ಕಾರ್-ಟಿ ಔಷಧಕ್ಕೆ ಒಪ್ಪಿಗೆ ಸಿಕ್ಕಿದ್ದು 2017ರ ಆಗಸ್ಟಿನಲ್ಲಿ, ಬೆಲೆ 4,75,000 ಡಾಲರ್. ನಮ್ಮಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೆಂಟರ್ ಸೇರಿ ಬೆಳೆಸಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರ್‌ನಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ ಬಾರ್ಸಿಲೋನಾದ ಆಸ್ಪತ್ರೆಯೊಂದು ರೂಪಿಸಿದ ಕಾರ್ ಅನ್ನು ಪಡೆದು ಇಲ್ಲೇ ತಯಾರಿಸಿ, 2025ರ ಜನವರಿಯಲ್ಲಿ ಕಾರ್ಟೆಮಿ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿತು. ಹಾಗಾಗಿ ನೀವು ಈಗ ಮುಂಬೈಗೇ ಹೋಗಬೇಕೆಂದಿಲ್ಲ, ಬೆಂಗಳೂರಿನಲ್ಲಿ ವಿಚಾರಿಸಬಹುದು.

ಅಸ್ಥಿಮಜ್ಜೆ ಕಸಿಗೂ ಇದಕ್ಕೂ ಗೊಂದಲ ಬೇಡ. ಕಸಿಯಲ್ಲಿ ಕ್ಯಾನ್ಸರನ್ನು ಕೊಲ್ಲುವುದು ಭಾರೀ ಪ್ರಮಾಣದ ಕೀಮೋ; ಕಾಂಡಕೋಶ ಆಮೇಲೆ ರಕ್ತವನ್ನು ಎಬ್ಬಿಸಿ ನಿಲ್ಲಿಸಲಿಕ್ಕೆ. ಕಾರ್-ಟಿಯಲ್ಲಿ ಕೊಲ್ಲುವುದು ಕೋಶವೇ.

ಯೋಗ್ಯರೇ ಎಂದು ನೋಡುವ ಪರೀಕ್ಷೆಗಳು

ಮರುಕಳಿಸಿದ ಗಂಟಿನಿಂದ ಮತ್ತೆ ಬಯಾಪ್ಸಿ ಆಗಬೇಕು. ಹಳೆಯ ವರದಿ ಸಾಲದು: ಕೆಲವೊಮ್ಮೆ ಸ್ಕ್ಯಾನಿನಲ್ಲಿ ಹೊಳೆದದ್ದು ಕ್ಷಯದ ಗಂಟಾಗಿರುತ್ತದೆ, ನಮ್ಮ ದೇಶದಲ್ಲಿ ಇದು ದೂರದ ಮಾತಲ್ಲ. ಹೊಸ ಚೂರಿನಲ್ಲಿ ಸಿಡಿ19 ಇದೆಯೇ ಎಂದೂ ನೋಡುತ್ತಾರೆ. ಎಕೋದಲ್ಲಿ ಹೃದಯದ ಪಂಪಿಂಗ್ ಸಾಮಾನ್ಯವಾಗಿ ಶೇ. 40–45ಕ್ಕಿಂತ ಮೇಲಿರಬೇಕು. ಆರ್-ಚಾಪ್‌ನಲ್ಲಿ ಇರುವ ಕೆಂಪು ಔಷಧ, ಡಾಕ್ಸೊರೂಬಿಸಿನ್, ಹೃದಯಕ್ಕೆ ಪೆಟ್ಟು ಕೊಟ್ಟಿರಬಹುದು, ಅದಕ್ಕೇ ಈ ಎಕೋ ಹೊಸದಾಗಿ ಆಗಬೇಕು. ಕ್ರಿಯೇಟಿನಿನ್, ಲಿವರ್, ಎಚ್‌ಐವಿ, ಹೆಪಟೈಟಿಸ್ ಸಿ ಜೊತೆಗೆ ಹೆಪಟೈಟಿಸ್ ಬಿಗೆ ಎರಡು ಪರೀಕ್ಷೆ ಕೇಳಿ: ಸರ್ಫೇಸ್ ಆಂಟಿಜನ್ ಮತ್ತು ಕೋರ್ ಆಂಟಿಬಾಡಿ. ಎರಡನೆಯದನ್ನು ಬಿಟ್ಟರೆ ಎಂದೋ ಬಂದು ಮಲಗಿರುವ ವೈರಸ್ ಗೊತ್ತಾಗುವುದಿಲ್ಲ. ಕಾರ್-ಟಿಯಿಂದ ಬಿ ಕೋಶಗಳು ಇಲ್ಲವಾದ ಮೇಲೆ ಅದು ಎದ್ದು ಲಿವರ್ ಕೆಡಿಸಬಹುದು. ಗೊತ್ತಿದ್ದರೆ ದಿನಕ್ಕೊಂದು ಎಂಟೆಕಾವಿರ್ ಮಾತ್ರೆಯಲ್ಲಿ ತಡೆಯಬಹುದು.

ವಯಸ್ಸು 61 ಅಡ್ಡಿಯಲ್ಲ. ಎದ್ದು ಓಡಾಡಿಕೊಂಡು ತಮ್ಮ ಕೆಲಸ ತಾವು ಮಾಡಿಕೊಳ್ಳುತ್ತಾರಾ ಅನ್ನುವುದು ವಯಸ್ಸಿಗಿಂತ ದೊಡ್ಡ ವಿಷಯ.

ಕೋಶ ತೆಗೆಯುವ ದಿನ

ಇದನ್ನು ಅಫೆರೆಸಿಸ್ ಎನ್ನುತ್ತಾರೆ. ಪ್ಲೇಟ್‌ಲೆಟ್ ದಾನ ನೋಡಿದ್ದರೆ ಅಂಥದೇ ಯಂತ್ರ. ಕೈಯ ದಪ್ಪ ನರ ಸಿಕ್ಕರೆ ಅಲ್ಲಿಂದ, ಇಲ್ಲದಿದ್ದರೆ ಕುತ್ತಿಗೆಗೆ ಡಯಾಲಿಸಿಸ್‌ನಂಥ ಕ್ಯಾತೆಟರ್ ಹಾಕಿ ರಕ್ತ ಹೊರಗೆ ಹೋಗಿ ತಿರುಗಿ ಒಳಗೆ ಬರುತ್ತದೆ. ಮಧ್ಯದಲ್ಲಿ ಬಿಳಿಕಣದ ಪದರ ಮಾತ್ರ ಚೀಲ ಸೇರುತ್ತದೆ. ಮೂರರಿಂದ ಐದು ಗಂಟೆಯಲ್ಲಿ ಮೈಯ ರಕ್ತವೆಲ್ಲ ಎರಡು-ಮೂರು ಸುತ್ತು, ಅಂದರೆ ಸುಮಾರು ಹತ್ತು ಲೀಟರ್, ಯಂತ್ರದಲ್ಲಿ ಹಾದಿರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಸೇರಿಸುವ ಸಿಟ್ರೇಟ್ ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವುದರಿಂದ ತುಟಿ, ಬೆರಳ ತುದಿ ಜುಮ್ಮೆನ್ನುತ್ತದೆ. ತಂದೆಯವರು ಅದನ್ನು ಸಹಿಸಿಕೊಂಡು ಸುಮ್ಮನಿರಬಾರದು, ತಕ್ಷಣ ಹೇಳಬೇಕು. ಯಂತ್ರದ ವೇಗ ತಗ್ಗಿಸಿ ಕ್ಯಾಲ್ಸಿಯಂ ಕೊಟ್ಟರೆ ನಿಂತುಹೋಗುತ್ತದೆ.

ಲಿಂಫೋಸೈಟ್ (ಟಿ, ಬಿ ಕೋಶಗಳು ಸೇರಿದ ಬಿಳಿಕಣದ ಗುಂಪು) ಎಣಿಕೆ ಮೈಕ್ರೋಲೀಟರಿಗೆ 500ರ ಮೇಲಿದ್ದರೆ ಸಂಗ್ರಹ ನೆಮ್ಮದಿ. ಟಿ ಕೋಶದ ಎಣಿಕೆ 150–200ಕ್ಕಿಂತ ಕೆಳಗಿಳಿದರೆ ಗಂಟೆಗಟ್ಟಲೆ ಯಂತ್ರ ಓಡಿಸಿದರೂ ಚೀಲದಲ್ಲಿ ಬೇಕಾದಷ್ಟು ಸಿಗದಿರಬಹುದು. ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಟಿ ಕೋಶಗಳನ್ನು ಕೊಲ್ಲುವುದರಿಂದ ಕನಿಷ್ಠ ಮೂರು ದಿನ, ಸಾಧ್ಯವಾದರೆ ಒಂದು ವಾರ ಮುಂಚೆ ನಿಲ್ಲಿಸಿರಬೇಕು. ವಾಂತಿಗೆ, ಅಲರ್ಜಿಗೆ ಅಂತ ಊರಿನಲ್ಲಿ ಕೊಟ್ಟ ಮಾತ್ರೆಯಲ್ಲೂ ಸ್ಟೀರಾಯ್ಡ್ ಇರುತ್ತದೆ. ತಂದೆಯವರು ತೆಗೆದುಕೊಳ್ಳುವ ಪ್ರತಿ ಮಾತ್ರೆಯ ಪಟ್ಟಿ ಕೊಡಿ.

ತಯಾರಿಕೆಯ ವಾರಗಳು

ಚೀಲ ಶುದ್ಧಕೋಣೆಯ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಟಿ ಕೋಶಗಳನ್ನು ಬೇರ್ಪಡಿಸಿ, ಎಬ್ಬಿಸಿ, ಕಾರ್ ಜೀನ್ ಹೊತ್ತ ಲೆಂಟಿವೈರಸ್ ಜೊತೆ ಇಡುತ್ತಾರೆ. ಈ ವೈರಸ್ಸಿನಿಂದ ರೋಗ ತರುವ, ಹೆಚ್ಚುವ ಭಾಗಗಳನ್ನೆಲ್ಲ ತೆಗೆದಿರುತ್ತಾರೆ. ಜೀನನ್ನು ಒಳಗಿಟ್ಟರೆ ಅದರ ಕೆಲಸ ಮುಗಿಯಿತು. ಆಮೇಲೆ ಏಳರಿಂದ ಹನ್ನೆರಡು ದಿನ ಪೋಷಕ ದ್ರವದಲ್ಲಿ ಕೋಶಗಳು ಹೆಚ್ಚುತ್ತವೆ. ಕೊನೆಗೆ ಬ್ಯಾಕ್ಟೀರಿಯಾ, ಮೈಕೋಪ್ಲಾಸ್ಮಾ, ಎಂಡೋಟಾಕ್ಸಿನ್ ಇಲ್ಲವೆಂದು, ಬದುಕಿರುವ ಕೋಶಗಳ ಪಾಲು ಸಾಕಷ್ಟಿದೆಯೆಂದು, ಒಂದೊಂದು ಕೋಶದಲ್ಲಿ ಜೀನಿನ ಪ್ರತಿಗಳು ಮಿತಿ ಮೀರಿಲ್ಲವೆಂದು ಖಚಿತಪಡಿಸಿ, ದ್ರವ ಸಾರಜನಕದ ಆವಿಯಲ್ಲಿ ಹೆಪ್ಪುಗಟ್ಟಿಸಿಡುತ್ತಾರೆ. ಒಟ್ಟು ಮೂರು-ನಾಲ್ಕು ವಾರ ಹಿಡಿಯುತ್ತದೆ ಎಂದುಕೊಳ್ಳಿ.

ಇಲ್ಲಿ ಎರಡು ಕಡೆ ಎಡವಬಹುದು. ಒಂದು, ಕೋಶಗಳೇ ಸೊರಗಿದ್ದು ಸರಿಯಾಗಿ ಹೆಚ್ಚದಿರುವುದು. ಮೊದಲು ಹೇಳಿದ ಬೆಂಡಮಸ್ಟಿನ್, ಸ್ಟೀರಾಯ್ಡ್ ಮಾತು ಇಲ್ಲಿಗೇ ಬಂದು ಮುಟ್ಟುತ್ತದೆ. ಇನ್ನೊಂದು, ಕಾಯುವಾಗ ಗೆಡ್ಡೆ ಓಡುವುದು. ಅದನ್ನು ಹಿಡಿದಿಡಲು ನಡುವೆ ಕೊಡುವ ಚಿಕಿತ್ಸೆಯನ್ನು ‘ಬ್ರಿಜಿಂಗ್’ ಎನ್ನುತ್ತಾರೆ: ಒಂದೇ ಕಡೆ ಗಂಟಿದ್ದರೆ ರೇಡಿಯೇಷನ್, ಹರಡಿದ್ದರೆ ಪೊಲಾಟುಜುಮ್ಯಾಬ್ ಎಂಬ ಔಷಧ ಅಥವಾ ಸೌಮ್ಯ ಕೀಮೋ. ಕೋಶ ಆಗಲೇ ಚೀಲದಲ್ಲಿ ಭದ್ರವಾಗಿರುವುದರಿಂದ ಈಗ ಕೊಡುವ ಔಷಧದಿಂದ ಅವಕ್ಕೆ ತೊಂದರೆಯಿಲ್ಲ. ಕಾರ್-ಟಿ ಹೋಗುವ ದಿನ ಮೈಯಲ್ಲಿ ಗೆಡ್ಡೆ ಎಷ್ಟು ಕಡಿಮೆ ಇರುತ್ತದೋ ಫಲ ಅಷ್ಟು ಚೆನ್ನ, ಅಡ್ಡಪರಿಣಾಮವೂ ಅಷ್ಟು ಕಡಿಮೆ.

ಕೋಶ ಮೈಗೆ ಸೇರುವ ವಾರ

ಕೋಶ ಕೊಡುವ ಮುಂಚಿನ ಐದನೇ, ನಾಲ್ಕನೇ, ಮೂರನೇ ದಿನ ಎರಡು ಕೀಮೋ ಕೊಡುತ್ತಾರೆ: ಮೈಯ ಚದರ ಮೀಟರಿಗೆ ದಿನಕ್ಕೆ 25–30 ಮಿಲಿಗ್ರಾಂ ಫ್ಲುಡಾರಾಬಿನ್, 250–500 ಮಿಲಿಗ್ರಾಂ ಸೈಕ್ಲೋಫಾಸ್ಫಮೈಡ್. ಇದು ಲಿಂಫೋಮಾ ಕೊಲ್ಲಲು ಅಲ್ಲ, ಇರುವ ಲಿಂಫೋಸೈಟ್‌ಗಳನ್ನು ತೆರವು ಮಾಡಿ ಹೊಸ ಕೋಶಕ್ಕೆ ಜಾಗ ಮತ್ತು ಪೋಷಣೆ ಸಿಗುವಂತೆ ಮಾಡಲು. ಕಿಡ್ನಿ ಸ್ವಲ್ಪ ಸೋತಿದ್ದರೂ ಫ್ಲುಡಾರಾಬಿನ್ ಪ್ರಮಾಣ ಇಳಿಸಬೇಕು.

ಫ್ಲುಡಾರಾಬಿನ್ ಪಡೆದವರಿಗೆ ಮುಂದೆ ಕೊಡುವ ರಕ್ತ, ಪ್ಲೇಟ್‌ಲೆಟ್ ಎರಡೂ ವಿಕಿರಣಕ್ಕೆ ಒಡ್ಡಿದ್ದೇ ಆಗಿರಬೇಕು. ಇಲ್ಲದಿದ್ದರೆ ದಾನಿಯ ಲಿಂಫೋಸೈಟ್‌ಗಳು ಮೈಯಲ್ಲಿ ನೆಲೆಯೂರಿ ಚರ್ಮ, ಲಿವರ್, ಮಜ್ಜೆಯ ಮೇಲೆ ದಾಳಿ ಮಾಡಬಹುದು. ಅಪರೂಪ, ಬಂದರೆ ಪ್ರಾಣಾಂತಿಕ. ಆ ಯಂತ್ರ ಎಲ್ಲ ಊರಿನ ರಕ್ತನಿಧಿಯಲ್ಲಿ ಇರುವುದಿಲ್ಲ. ಡಿಸ್ಚಾರ್ಜ್ ಆಗುವಾಗ ‘ವಿಕಿರಣಕ್ಕೆ ಒಡ್ಡಿದ ರಕ್ತ ಮಾತ್ರ’ ಎಂದು ದೊಡ್ಡದಾಗಿ ಬರೆಸಿಕೊಂಡು ತಂದೆಯವರ ಜೇಬಿನಲ್ಲಿ ಸದಾ ಇರುವಂತೆ ನೋಡಿಕೊಳ್ಳಿ.

ಕೋಶ ಕೊಡುವ ಹೊತ್ತು ಮಾತ್ರ ಬಹಳ ಚಿಕ್ಕದು. ಹೆಸರು, ಆಸ್ಪತ್ರೆ ಸಂಖ್ಯೆ, ಚೀಲದ ಸಂಖ್ಯೆಯನ್ನು ಇಬ್ಬರು ಗಟ್ಟಿಯಾಗಿ ಓದಿ ತಾಳೆ ನೋಡುತ್ತಾರೆ. ಚೀಲವನ್ನು 37 ಡಿಗ್ರಿ ನೀರಿನಲ್ಲಿ ಕರಗಿಸಿ, ಅರ್ಧ ಗಂಟೆಯೊಳಗೆ ಡ್ರಿಪ್‌ನಲ್ಲಿ ಬಿಟ್ಟು ಮುಗಿಸುತ್ತಾರೆ. ರಕ್ತ ಕೊಡುವಾಗ ಬಳಸುವ ಬಿಳಿಕಣ ಸೋಸುವ ಫಿಲ್ಟರ್ ಇಲ್ಲಿ ಕೂಡದು; ಹಾಕಿದರೆ ಕಾರ್-ಟಿ ಕೋಶ ಆ ಫಿಲ್ಟರಿನಲ್ಲೇ ಉಳಿದುಬಿಡುತ್ತದೆ. ಪ್ಯಾರಾಸಿಟಮಾಲ್, ಏವಿಲ್ ಮುಂಚೆ ಕೊಡುತ್ತಾರೆ. ಏವಿಲ್ ಜೊತೆ ರೂಢಿಯ ಮೇಲೆ ಬರುವ ಹೈಡ್ರೋಕಾರ್ಟಿಸೋನ್ ಇಲ್ಲಿ ಬೇಡ, ಅದೂ ಸ್ಟೀರಾಯ್ಡೇ. ಕೋಶ ಹೆಪ್ಪುಗಟ್ಟಿಸಲು ಬಳಸಿದ ಡಿಎಂಎಸ್‌ಒ ದ್ರವದಿಂದ ಒಂದೆರಡು ದಿನ ಕೋಣೆಯಲ್ಲಿ ಬೆಳ್ಳುಳ್ಳಿಯಂಥ ವಾಸನೆ ಇರುತ್ತದೆ, ಗಾಬರಿ ಬೇಡ. ಬಾರ್ಸಿಲೋನಾ ಮೂಲದ ಕಾರ್-ಟಿಯನ್ನು ಅಲ್ಲಿ ಒಂದೇ ಸಲಕ್ಕೆ ಕೊಡದೆ ಮೊದಲು ಶೇ. 10, ನಡುವೆ ತೊಂದರೆ ಇಲ್ಲವೆಂದು ನೋಡಿಕೊಂಡು ಶೇ. 30, ಆಮೇಲೆ ಶೇ. 60 ಎಂದು ಕಂತಿನಲ್ಲಿ ಕೊಡುವ ಪದ್ಧತಿ ಬೆಳೆಸಿದರು. ನಿಮಗೆ ಹೇಗೆ ಕೊಡುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ.

ಜ್ವರ, ಮತ್ತು ಕೈಬರಹ

ಕಾರ್-ಟಿ ಕೋಶಗಳು ಶತ್ರುವನ್ನು ಕಂಡು ಸಾವಿರಪಟ್ಟು ಹೆಚ್ಚುವಾಗ ಸೈಟೋಕೈನ್ ಎಂಬ ರಾಸಾಯನಿಕಗಳು ಉಕ್ಕುತ್ತವೆ. ಮೊದಲ ವಾರದಲ್ಲಿ ಬರುವ ಜ್ವರ ಅದರದೇ. 38 ಡಿಗ್ರಿ ಸೆಲ್ಸಿಯಸ್, ಅಂದರೆ ನಮ್ಮ ಥರ್ಮಾಮೀಟರಿನ 100.4 ದಾಟಿದರೆ ಮೊದಲನೇ ಹಂತ. ಬಿ.ಪಿ. ಇಳಿದು ಸಲೈನ್‌ಗೆ ಸುಧಾರಿಸಿದರೆ, ಇಲ್ಲವೇ ಮೂಗಿನ ಕೊಳವೆಯ ಆಮ್ಲಜನಕ ಸಾಕಾದರೆ ಎರಡನೇ ಹಂತ. ಬಿ.ಪಿ. ಏರಿಸುವ ಒಂದು ಔಷಧ ಬೇಕಾದರೆ ಮೂರು. ಒಂದಕ್ಕಿಂತ ಹೆಚ್ಚು, ಅಥವಾ ವೆಂಟಿಲೇಟರ್ ಬೇಕಾದರೆ ನಾಲ್ಕು. ಇದಕ್ಕೆ ಮದ್ದು ಟೋಸಿಲಿಜುಮ್ಯಾಬ್: ಕಿಲೋಗೆ 8 ಮಿಲಿಗ್ರಾಂ, ಒಮ್ಮೆಗೆ 800 ಮಿಲಿಗ್ರಾಂ ಮೀರದಂತೆ, ಒಂದು ಗಂಟೆಯಲ್ಲಿ, ಬೇಕಾದರೆ ಎಂಟು ಗಂಟೆಗೆ ಮತ್ತೊಂದು. ಸಂಧಿವಾತದ ಈ ಔಷಧ 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಕಾರ್-ಟಿ ಪಡೆದು ವೆಂಟಿಲೇಟರಿಗೆ ಹೋಗಿದ್ದ ಎಮಿಲಿ ವೈಟ್‌ಹೆಡ್ ಎಂಬ ಪುಟ್ಟ ಹುಡುಗಿಯ ಜೀವ ಉಳಿಸಿದ ಮೇಲೆ ಎಲ್ಲೆಡೆ ರೂಢಿಗೆ ಬಂತು. ಕೋಶ ಕರಗಿಸುವ ಮೊದಲೇ ಅದು ವಾರ್ಡಿನ ಫ್ರಿಜ್ಜಿನಲ್ಲಿ ಇರಬೇಕು. ‘ಬೇಕಾದಾಗ ತರಿಸುತ್ತೇವೆ’ ಎಂಬ ಉತ್ತರ ಒಪ್ಪಬೇಡಿ.

ಅದೇ ದಿನಗಳಲ್ಲಿ ಬಿಳಿಕಣವೂ ನೆಲ ಕಚ್ಚಿರುತ್ತದೆ. ಆದ್ದರಿಂದ ಜ್ವರ ಕಾರ್-ಟಿಯದೋ ಸೋಂಕಿನದೋ ಎಂದು ಹಾಸಿಗೆಯ ಪಕ್ಕದಲ್ಲಿ ನಿಂತು ಹೇಳಲು ಯಾರಿಂದಲೂ ಆಗದು. ರಕ್ತದ ಕಲ್ಚರ್ ತೆಗೆದು ಆಂಟಿಬಯಾಟಿಕ್ ಶುರುಮಾಡಿಯೇ ಟೋಸಿಲಿಜುಮ್ಯಾಬ್ ಬಗ್ಗೆ ಯೋಚಿಸುತ್ತಾರೆ.

ಎರಡನೆಯ ತೊಂದರೆ ಮಿದುಳಿನದು. ಇದರಲ್ಲಿ ಮನೆಯವರ ಕಣ್ಣು ಡಾಕ್ಟರ ಕಣ್ಣಿಗಿಂತ ಚುರುಕು. ದಿನಕ್ಕೆ ಎರಡು-ಮೂರು ಸಲ ಹತ್ತು ಅಂಕದ ಪರೀಕ್ಷೆ ಮಾಡುತ್ತಾರೆ. ಇಸವಿ, ತಿಂಗಳು, ಊರು, ಆಸ್ಪತ್ರೆಗೆ ನಾಲ್ಕು ಅಂಕ. ಪೆನ್ನು, ಗಡಿಯಾರ, ಗುಂಡಿಯಂಥ ಮೂರು ವಸ್ತು ತೋರಿಸಿ ಹೆಸರು ಹೇಳಿಸಿದರೆ ಮೂರು. ‘ಎರಡು ಬೆರಳು ತೋರಿಸಿ’ ಎಂಬಂಥ ಮಾತನ್ನು ಪಾಲಿಸಿದರೆ ಒಂದು. ಒಂದು ವಾಕ್ಯ ಬರೆದರೆ ಒಂದು. ನೂರರಿಂದ ಹತ್ತತ್ತು ಕಳೆಯುತ್ತ ಬಂದರೆ ಒಂದು. ಇವನ್ನೆಲ್ಲ ಕನ್ನಡದಲ್ಲೇ ಕೇಳಬೇಕು ಎಂದು ಮೊದಲೇ ಹೇಳಿಡಿ. ನರ್ಸ್ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೇಳಿ, ತಂದೆಯವರು ತಡವರಿಸಿದರೆ ಅಂಕ ಸುಮ್ಮನೆ ಕಳೆದುಹೋಗುತ್ತದೆ. ನಿಜಕ್ಕೂ ತಡವರಿಸಿದಾಗ ‘ಭಾಷೆ ಬರುವುದಿಲ್ಲ ಪಾಪ’ ಎಂದು ಬಿಟ್ಟುಬಿಡುವ ಅಪಾಯ ಅದಕ್ಕಿಂತ ದೊಡ್ಡದು.

ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಕೋಶ ಕೊಡುವ ಹಿಂದಿನ ದಿನದಿಂದಲೇ ಬೆಳಿಗ್ಗೆ, ಸಂಜೆ ಒಂದೇ ವಾಕ್ಯ ಬರೆಸಿ: ‘ನಮ್ಮ ತೋಟದಲ್ಲಿ ಕಾಫಿ ಹಣ್ಣಾಗಿದೆ’ ಎಂಬಂಥದು, ಒತ್ತಕ್ಷರವಿರಲಿ. ಕೆಳಗೆ ದಿನಾಂಕ, ಹೊತ್ತು. ಮೊದಲ ಪುಟ ಅವರ ಸಹಜ ಬರಹದ ಗುರುತು. ಸಾಲು ಕೆಳಕ್ಕೆ ಜಾರುವುದು, ಅಕ್ಷರದ ಮೇಲೆ ಅಕ್ಷರ ಬೀಳುವುದು, ಒತ್ತು ಬಿಟ್ಟುಹೋಗುವುದು, ಕೈ ನಡುಗುವುದು ಕಂಡರೆ ಮುಂದಿನ ರೌಂಡ್ಸ್‌ವರೆಗೆ ಕಾಯದೆ ಕರೆಯಿರಿ. ಬರೆಯಲು ಬಾರದವರಾದರೆ ಸಹಿ ಅಥವಾ ರಂಗೋಲಿಯಂಥ ಒಂದು ಗುರುತು ಬಿಡಿಸಲಿ. ಬದಲಾವಣೆ ಗೊತ್ತಾಗುವುದು ಮುಖ್ಯ. ಈ ತೊಂದರೆಗೆ ಟೋಸಿಲಿಜುಮ್ಯಾಬ್ ಸಾಲದು, ಅದು ಮಿದುಳಿಗೆ ಸರಿಯಾಗಿ ಇಳಿಯುವುದಿಲ್ಲ. ಇಲ್ಲಿ ಬೇಕಾದ್ದು ಡೆಕ್ಸಾಮೆಥಸೋನ್, ಸಾಮಾನ್ಯವಾಗಿ 10 ಮಿಲಿಗ್ರಾಂನಂತೆ. ಕೋಶ ಕೊಡುವ ಮುಂಚೆ ಬೇಡವೆಂದ ಅದೇ ಸ್ಟೀರಾಯ್ಡ್ ಈಗ ಜೀವ ಉಳಿಸುತ್ತದೆ, ಆಗ ‘ಕಾರ್-ಟಿ ಹಾಳಾಗುತ್ತದೆ’ ಎಂದು ಹಿಂಜರಿಯಬಾರದು. ಫಿಟ್ಸ್ ಬಾರದಂತೆ ಲೆವೆಟಿರಾಸೆಟಾಮ್ ಮಾತ್ರೆ ಕೊಡುತ್ತಾರೆ. ಹೆಚ್ಚಿನವರಲ್ಲಿ ಈ ಗೊಂದಲ ಕೆಲವು ದಿನಗಳಲ್ಲಿ ಪೂರ್ತಿ ಇಳಿಯುತ್ತದೆ.

ನೆಕ್ಸ್‌ಕಾರ್19ರ ಅಧ್ಯಯನದ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. 64 ಜನರಲ್ಲಿ ತೀವ್ರ ಸೈಟೋಕೈನ್ ಉಕ್ಕು ಶೇ. 5ರಷ್ಟು ಮಾತ್ರ, ಇದು ಒಳ್ಳೆಯ ಸುದ್ದಿ. ಆದರೆ ರಕ್ತಕಣಗಳ ಕುಸಿತ ಬಹುತೇಕ ಎಲ್ಲರಲ್ಲಿ ಇತ್ತು, ಚಿಕಿತ್ಸೆಯಿಂದಲೇ ಇಬ್ಬರು ತೀರಿಕೊಂಡರು. ರೋಗ ತಗ್ಗಿದ್ದು ಶೇ. 73ರಲ್ಲಿ.

ಮನೆಗೆ ಬಂದ ಮೇಲೆ

ಕೋಶ ಕೊಟ್ಟ ದಿನದಿಂದ ನಾಲ್ಕು ವಾರ ಆಸ್ಪತ್ರೆಯ ಹತ್ತಿರ, ಗಂಟೆಯೊಳಗೆ ಮುಟ್ಟುವಷ್ಟು ದೂರದಲ್ಲಿ ಇರಬೇಕು. ಅಮೆರಿಕದ ನಿಯಂತ್ರಕರು 2025ರಲ್ಲಿ ಇದನ್ನು ಎರಡು ವಾರಕ್ಕೆ ಇಳಿಸಿದ್ದಾರೆ. ಹಾಸನದವರು ನಾಲ್ಕು ವಾರ ಎಂದೇ ಯೋಜಿಸಿ, ರಾತ್ರಿ ಎರಡಕ್ಕೆ ಜ್ವರ ಬಂದರೆ ಸಕಲೇಶಪುರದ ತೋಟದಿಂದ ಬೆಂಗಳೂರು ಬಹಳ ದೂರ. ಬಾಡಿಗೆ ಮನೆ, ಇಪ್ಪತ್ತನಾಲ್ಕು ಗಂಟೆ ಜೊತೆಗಿರುವ ಒಬ್ಬರು, ಥರ್ಮಾಮೀಟರ್, ಬಿ.ಪಿ. ಯಂತ್ರ ಇಷ್ಟು ಸಿದ್ಧವಿರಲಿ. ಗಾಡಿ ಓಡಿಸುವುದು ವೈದ್ಯರು ಹೇಳುವವರೆಗೆ ಬೇಡ.

ರಕ್ತಕಣ ಒಮ್ಮೆ ಏರಿ ಮತ್ತೆ ಮೂರು-ನಾಲ್ಕನೇ ವಾರದಲ್ಲಿ ಇಳಿಯುವುದುಂಟು, ಹಾಗಾಗಿ ಡಿಸ್ಚಾರ್ಜ್ ಆದಮೇಲೂ ವಾರಕ್ಕೆ ಎರಡು ಸಲ ರಕ್ತಪರೀಕ್ಷೆ ತಪ್ಪಿಸಬೇಡಿ. ಸಿಡಿ19 ಆರೋಗ್ಯವಂತ ಬಿ ಕೋಶಗಳ ಮೇಲೂ ಇರುವುದರಿಂದ ಅವೂ ಅಳಿಯುತ್ತವೆ, ರೋಗನಿರೋಧಕ ಆಂಟಿಬಾಡಿ ಕುಸಿಯುತ್ತದೆ. ಐಜಿಜಿ ಎಂಬ ಆಂಟಿಬಾಡಿ 400ಕ್ಕಿಂತ ಕೆಳಗಿಳಿದು ಸೋಂಕು ಪದೇ ಪದೇ ಬಂದರೆ ತಿಂಗಳಿಗೊಮ್ಮೆ ಕಿಲೋಗೆ ಸುಮಾರು 0.4 ಗ್ರಾಂ ಇಮ್ಯುನೋಗ್ಲೋಬುಲಿನ್ ಡ್ರಿಪ್ ಬೇಕಾಗುತ್ತದೆ. ಅಸೈಕ್ಲೋವಿರ್, ಕೋಟ್ರೈಮಾಕ್ಸಜೋಲ್ ಮಾತ್ರೆ ಆರು ತಿಂಗಳಿಂದ ಒಂದು ವರ್ಷ. ‘ಚೆನ್ನಾಗಿದ್ದಾರಲ್ಲ’ ಎಂದು ಈ ಎರಡನ್ನು ತಾವೇ ನಿಲ್ಲಿಸಿದಾಗ ಸರ್ಪಸುತ್ತು, ನ್ಯುಮೋನಿಯಾ ಬರುತ್ತವೆ.

ಮೊದಲ ಪೆಟ್ ಸ್ಕ್ಯಾನ್ ಮೂವತ್ತನೇ ದಿನದ ಸುಮಾರಿಗೆ, ಮುಂದಿನದು ಮೂರು ತಿಂಗಳಿಗೆ. ಮೂರನೇ ತಿಂಗಳಲ್ಲಿ ಪೂರ್ತಿ ಮಾಯವಾಗಿದ್ದರೆ ಅದು ಒಳ್ಳೆಯ ಲಕ್ಷಣ. ಮರುಕಳಿಸುವುದು ಎರಡು ರೀತಿ: ಲಿಂಫೋಮಾ ಸಿಡಿ19 ಗುರುತನ್ನೇ ಕಳಚಿಕೊಂಡು ತಪ್ಪಿಸಿಕೊಳ್ಳುತ್ತದೆ, ಇಲ್ಲವೇ ಕಾರ್-ಟಿ ಕೋಶ ದಣಿದು ಇಲ್ಲವಾಗುತ್ತದೆ. ಎರಡು ಬಗೆಯ ಚಿಕಿತ್ಸೆ ಆದ ಮೇಲೆ ಮೂರನೆಯದಾಗಿ ಅಮೆರಿಕದ ಉತ್ಪನ್ನವೊಂದನ್ನು ಪಡೆದವರಲ್ಲಿ ಐದು ವರ್ಷಕ್ಕೆ ಬದುಕಿದ್ದವರು ಶೇ. 42.6. ಗುಣವಾಗುತ್ತದೆ ಎಂಬ ಗ್ಯಾರಂಟಿ ಇಲ್ಲ. ಬೇರೆ ದಾರಿಗಳಲ್ಲಿ ಸಿಗದಿದ್ದ ಒಂದು ಗಟ್ಟಿ ಅವಕಾಶ ಇದೆ. ಟಿ ಕೋಶದ್ದೇ ಹೊಸ ಕ್ಯಾನ್ಸರ್ ಬರಬಹುದೆಂಬ ಎಚ್ಚರಿಕೆ ಪತ್ರಿಕೆಗಳಲ್ಲಿ ಓದಿರಬಹುದು. 2023ರ ಕೊನೆಯವರೆಗೆ ಅಮೆರಿಕದಲ್ಲಿ ಕೊಟ್ಟ 27,000ಕ್ಕೂ ಹೆಚ್ಚು ಡೋಸ್‌ಗಳಲ್ಲಿ ಇಂಥ 22 ಪ್ರಕರಣ ವರದಿಯಾಗಿದ್ದವು. ನಿಮ್ಮ ತಂದೆಯವರ ಸ್ಥಿತಿಯಲ್ಲಿ ಈ ಭಯಕ್ಕೆ ಚಿಕಿತ್ಸೆ ಬಿಡುವುದು ಸರಿಯಲ್ಲ.

ಐದು ಲಕ್ಷದ ‘ಇಮ್ಯೂನ್ ಸೆಲ್ ಥೆರಪಿ’

ಇದು ಕಾರ್-ಟಿ ಅಲ್ಲ. ರಕ್ತ ತೆಗೆದು ‘ಎನ್‌ಕೆ ಕೋಶ’, ‘ಡೆಂಡ್ರಿಟಿಕ್ ಲಸಿಕೆ’ ಬೆಳೆಸಿ ಚುಚ್ಚುತ್ತೇವೆ ಎನ್ನುವ ಕಡೆಗಳಲ್ಲಿ ಎರಡೇ ಮಾತು ಕೇಳಿ. ಈ ಉತ್ಪನ್ನಕ್ಕೆ ನನ್ನ ತಂದೆಯ ರೋಗಕ್ಕೆಂದು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಪತ್ರ ಇದೆಯೇ? ಇಲ್ಲದಿದ್ದರೆ, ಸಂಶೋಧನೆ ಎಂದರೆ, ಭಾರತದ ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿಯ ಸಂಖ್ಯೆ ಏನು? ಸಂಶೋಧನೆಯ ಔಷಧಕ್ಕೆ ರೋಗಿಯಿಂದ ಹಣ ಕೇಳುವುದೇ ತಪ್ಪು. ಎರಡಕ್ಕೂ ಕಾಗದ ತೋರಿಸದಿದ್ದರೆ ಎದ್ದು ಬನ್ನಿ. ಇನ್ನು ಅಡ್ಡಪರಿಣಾಮವೇ ಇಲ್ಲ ಎಂಬ ಮಾತು: ಲಿಂಫೋಮಾ ಕೊಲ್ಲುವಷ್ಟು ಬಲವಾದ ಕೋಶ ಮೈಗೆ ಹೋದರೆ ಜ್ವರವಾದರೂ ಬರುತ್ತದೆ. ಅಲ್ಲಿ ಕಳೆಯುವ ಐದು ಲಕ್ಷಕ್ಕಿಂತ ಕಳೆಯುವ ಎರಡು ತಿಂಗಳು ದುಬಾರಿ.

ತೋಟ ಮಾರುವ ಮೊದಲು

ಭಾರತದ ಉತ್ಪನ್ನಗಳ ಬೆಲೆ ಮೂವತ್ತರಿಂದ ಐವತ್ತು ಲಕ್ಷದ ನಡುವೆ ಕೇಳಿಬರುತ್ತದೆ. ಆ ಸಂಖ್ಯೆಯೊಳಗೆ ಏನೇನು ಸೇರಿದೆ ಎಂಬುದನ್ನು ಬರಹದಲ್ಲಿ ತೆಗೆದುಕೊಳ್ಳಿ: ಕೋಶದ ಬೆಲೆ, ಅಫೆರೆಸಿಸ್, ಬ್ರಿಜಿಂಗ್, ವಾರ್ಡ್, ಐಸಿಯು, ಟೋಸಿಲಿಜುಮ್ಯಾಬ್, ರಕ್ತ-ಪ್ಲೇಟ್‌ಲೆಟ್, ಮೊದಲ ವರ್ಷದ ಇಮ್ಯುನೋಗ್ಲೋಬುಲಿನ್. ಅದರಲ್ಲೂ ಈ ಮೂರು ಪ್ರಶ್ನೆಗೆ ಉತ್ತರ ಲಿಖಿತವಾಗಿ ಬೇಕು. ಕೋಶ ಸರಿಯಾಗಿ ತಯಾರಾಗದಿದ್ದರೆ ಹಣ ವಾಪಸ್ ಎಷ್ಟು? ಎರಡನೇ ಸಲ ತಯಾರಿಸಿದರೆ ಮತ್ತೆ ಹಣವೇ? ಕೋಶ ತಯಾರಾಗಿ, ಅಷ್ಟರಲ್ಲಿ ತಂದೆಯವರಿಗೆ ಕೊಡಲಾಗದಷ್ಟು ಹದಗೆಟ್ಟರೆ?

ಆರೋಗ್ಯ ವಿಮೆ ಇದ್ದರೆ ಮುಂಗಡ ಒಪ್ಪಿಗೆ ಕೇಳಿ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಕೊಟ್ಟ ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿ ಮೊನೊಕ್ಲೋನಲ್ ಆಂಟಿಬಾಡಿಯ ಇಮ್ಯುನೋಥೆರಪಿಯೂ ಅಸ್ಥಿಮಜ್ಜೆ ಕಸಿಯ ಕಾಂಡಕೋಶ ಚಿಕಿತ್ಸೆಯೂ ಇವೆ, ಕಾರ್-ಟಿ ಎಂಬ ಹೆಸರಿಲ್ಲ. ತಕರಾರು ಹುಟ್ಟುವುದು ಈ ಸಂದಿಯಲ್ಲೇ. ಆಸ್ಪತ್ರೆಯಿಂದ ‘ಇದು ಪ್ರಯೋಗವಲ್ಲ, ಒಪ್ಪಿಗೆ ಪಡೆದ ಔಷಧ’ ಎಂಬ ಪತ್ರ, ಒಪ್ಪಿಗೆಯ ಪ್ರತಿ ಎರಡನ್ನೂ ಅರ್ಜಿಗೆ ಲಗತ್ತಿಸಿ.

ಬಯಾಪ್ಸಿ, ಎಕೋ, ಟಿ ಕೋಶದ ಎಣಿಕೆ ಬಂದು ‘ಇವರಿಗೆ ಮಾಡಬಹುದು’ ಎಂದು ಕೇಂದ್ರದವರು ಬರೆದುಕೊಡುವವರೆಗೆ ತೋಟದ ಮಾತು ಆಡಬೇಡಿ. ಈ ಪರೀಕ್ಷೆಗಳಿಗೆ ತೋಟ ಮಾರುವಷ್ಟು ಹಣ ಬೇಕಿಲ್ಲ, ಬೇಕಾದ್ದು ಬೇಗ ಹೊರಡುವುದು. ಹೋಗುವಾಗ ಮೊದಲ ಬಯಾಪ್ಸಿಯ ಮೇಣದ ಬ್ಲಾಕನ್ನು ಪ್ಯಾಥಾಲಜಿ ಲ್ಯಾಬಿನಿಂದ ಕೇಳಿ ಪಡೆಯಿರಿ, ವರದಿಯ ಜೆರಾಕ್ಸ್ ಸಾಲದು. ಜೊತೆಗೆ ಆರು ಆರ್-ಚಾಪ್‌ನ ಡಿಸ್ಚಾರ್ಜ್ ಚೀಟಿಗಳು, ಎಲ್ಲ ಪೆಟ್ ಸ್ಕ್ಯಾನಿನ ಸಿಡಿಗಳು, ಕಳೆದ ಮೂರು ತಿಂಗಳ ರಕ್ತಪರೀಕ್ಷೆ, ಮತ್ತು ಈಗ ನುಂಗುತ್ತಿರುವ ಮಾತ್ರೆಗಳನ್ನು ಸ್ಟ್ರಿಪ್ ಸಮೇತ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ.